ಗಂಗಾಧರನಿಗೆ, ರಾತ್ರಿ ಪಾಳಿಯಿಂದ

ತುರುವೇಕೆರೆಯ ಗಂಗಾಧರೇಶ್ವರ, ತಂದೆ, ನಿನ್ನ ಗುಡಿಗೆ ಬಂದು ಕೈಮುಗಿಯಲು ಬಿಡುವಿಲ್ಲದವಳು ವಾರ್ಡಿನ ಮೂಲೆಯ ಮೇಜಿನಿಂದಲೇ ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ಹಣ್ಣುಕಾಯಿ ತಂದಿಲ್ಲ. ಇವತ್ತಿನ ಇನ್‌ಟೇಕ್-ಔಟ್‌ಪುಟ್ ಚಾರ್ಟು ತಂದಿದ್ದೇನೆ. ಯಾರ ಮೈಗೆ ಎಷ್ಟು ನೀರು ಹೋಯಿತು, ಎಷ್ಟು ಹೊರಗೆ ಬಂತು ಅನ್ನುವ ಲೆಕ್ಕ. ಭೋರ್ಗರೆದು ಇಳಿದ ಗಂಗೆಯನ್ನು ಜಟೆಯಲ್ಲಿ ಹಿಡಿದು, ಭೂಮಿ ತಾಳುವಷ್ಟನ್ನೇ ಬಿಟ್ಟವನು ನೀನು. ಈ ಲೆಕ್ಕ ನಿನಗೆ ಹೊಸದಲ್ಲ.

ಶಿವಾಲಯದಲ್ಲಿ ಲಿಂಗದ ಮೇಲೆ ಧಾರಾಪಾತ್ರೆ ತೂಗುತ್ತದೆ. ನನ್ನ ಕಡೆಯೂ ಕಂಬಿಗೊಂದರಂತೆ ಡ್ರಿಪ್ ಬಾಟಲಿಗಳು ತೂಗುತ್ತಿವೆ. ಊರವರಿಗೆ ಅದೆಲ್ಲ ಒಂದೇ, ‘ಗ್ಲೂಕೋಸ್’. ‘ಒಂದ್ ಬಾಟ್ಲಿ ಏರ್ಸಿ ಸಿಸ್ಟರೇ, ಸುಸ್ತು ಹೋಯ್ತದೆ’ ಅನ್ನುತ್ತಾರೆ. 20 ಹನಿಗೆ ಒಂದು ಎಂ.ಎಲ್. ಆಗುವ ಸೆಟ್ಟಿನಲ್ಲಿ 500 ಎಂ.ಎಲ್. ಬಾಟಲಿ 8 ಗಂಟೆ ನಡೆಯಬೇಕಾದರೆ ನಿಮಿಷಕ್ಕೆ 21 ಹನಿ ಬೀಳಬೇಕು. ಗಡಿಯಾರ ಹಿಡಿದು ಎಣಿಸುತ್ತೇನೆ. ರೋಗಿ ಕೈ ಮಡಚಿದರೆ ಹನಿ ನಿಲ್ಲುತ್ತದೆ. ಬೇಗ ಮುಗಿಯಲಿ ಎಂದು ಯಾರೋ ಕೊಳವೆಯ ಚಕ್ರ ತಿರುಗಿಸಿದರೆ ಧಾರೆಯಾಗಿ ಓಡಿಬಿಡುತ್ತದೆ. ಸೋತ ಹೃದಯದ ಮುದುಕನಿಗೆ ಆ ಆತುರದ ನೀರು ಶ್ವಾಸಕೋಶದಲ್ಲೇ ನಿಂತುಬಿಡಬಹುದು. ಎಣಿಸುವಾಗ ನನಗೆ ತೂಕಡಿಕೆ ಬಾರದಿರಲಿ.

ನೀನು ಕಟ್ಟಿದ ಈ ಮೈ ಎಂಥದ್ದು! ವಯಸ್ಕ ಗಂಡಸಿನ ತೂಕದಲ್ಲಿ ನೂರಕ್ಕೆ 60ರಷ್ಟು ನೀರೇ. ಮೂರರಲ್ಲಿ ಎರಡು ಪಾಲು ಜೀವಕೋಶಗಳ ಒಳಗೆ, ಒಂದು ಪಾಲು ಹೊರಗೆ. ಒಳಗೆ ಪೊಟ್ಯಾಷಿಯಂನದು ಮೇಲುಗೈ, ಹೊರಗೆ ಸೋಡಿಯಂನದು. ಕೋಶದ ಗೋಡೆಯಲ್ಲಿ ಕೂತ ಪಂಪು ಮೂರು ಸೋಡಿಯಂ ಹೊರಗೆ ತಳ್ಳಿ ಎರಡು ಪೊಟ್ಯಾಷಿಯಂ ಒಳಗೆ ಎಳೆದುಕೊಳ್ಳುತ್ತದೆ, ಹುಟ್ಟಿದಾಗಿನಿಂದ ರಜೆಯೇ ಇಲ್ಲದೆ. ನೀರು ಕಡಿಮೆಯಾದರೆ ಮಿದುಳು ಬಾಯಾರಿಕೆ ಎಬ್ಬಿಸಿ, ಮೂತ್ರವನ್ನು ಬಿಗಿಹಿಡಿ ಎಂದು ಮೂತ್ರಪಿಂಡಕ್ಕೆ ಹೇಳಿಕಳಿಸುತ್ತದೆ. ಈ ಸಮತೋಲಕ್ಕೆ ವಾಲ್ಟರ್ ಕ್ಯಾನನ್ ಎಂಬ ಅಮೆರಿಕದ ವಿಜ್ಞಾನಿ 1926ರಲ್ಲಿ ‘ಹೋಮಿಯೋಸ್ಟಾಸಿಸ್’ ಎಂದು ಹೆಸರಿಟ್ಟ. ನರ್ಸಿಂಗ್ ಓದುವಾಗ ಅದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ವಾರ್ಡಿಗೆ ಬಂದ ಮೇಲೆ.

ಇನ್ನೊಂದು ಸಂಕಟ ಹೇಳಿಕೊಳ್ಳಬೇಕು. ನಮ್ಮದು ತೆಂಗಿನ ಸೀಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಯಾವ ಕಡೆಯಿಂದ ಬಂದರೂ ರೋಗಿಯ ಹಿಂದೆ ಎಳನೀರಿನ ಚೀಲ ಬರುತ್ತದೆ. ಮೊನ್ನೆ ಚಿಕ್ಕನಾಯಕನಹಳ್ಳಿ ಕಡೆಯ ತಾತ ಒಬ್ಬರು ಬಂದಿದ್ದರು. ಅಜ್ಜಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ‘ನಮ್ ತೋಟದ್ದೇ ಸಿಸ್ಟರೇ, ಔಷ್ದಿ ಹೊಡೆದಿಲ್ಲ. ಎರಡೇ ಗುಟುಕು ಕೊಡ್ಲಾ?’ ಅಂದರು. ನೂರು ಎಂ.ಎಲ್. ಎಳನೀರಿನಲ್ಲಿ ಸುಮಾರು 250 ಮಿಲಿಗ್ರಾಂ ಪೊಟ್ಯಾಷಿಯಂ ಇರುತ್ತದೆ. ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್ ನಡುವೆ ಇರಬೇಕು. ಮೂತ್ರಪಿಂಡ ಕೈಬಿಟ್ಟವರಲ್ಲಿ ಅದು ಏರುತ್ತಾ ಹೋಗಿ ಹೃದಯದ ತಾಳ ತಪ್ಪಿಸುತ್ತದೆ. ಪಕ್ಕದ ಮಂಚದಲ್ಲಿ ಭೇದಿಯಾದ ಹುಡುಗ ಅದೇ ಎಳನೀರು ಕುಡಿದರೆ ತೊಂದರೆಯಿಲ್ಲ. ಆದರೆ ಅದರಲ್ಲಿ ಉಪ್ಪು ಕಡಿಮೆ, ಅವನಿಗೆ ಓಆರ್‌ಎಸ್ಸೇ ಬೇಕು. 1971ರಲ್ಲಿ ಪಶ್ಚಿಮ ಬಂಗಾಳದ ಬಂಗಾವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಕಾಲರಾ ರೋಗಿಗಳಿಗೆ ಉಪ್ಪು-ಗ್ಲೂಕೋಸಿನ ನೀರನ್ನೇ ಕುಡಿಸಿ ಶೇ. 30ರಷ್ಟಿದ್ದ ಸಾವನ್ನು ಶೇ. 4ಕ್ಕಿಂತ ಕೆಳಗೆ ಇಳಿಸಿದರು. ಅಲ್ಲೂ ಕೆಲಸ ಮಾಡಿದ್ದು ಅಳತೆ ತಪ್ಪದ ನೀರು.

ತಾತನಿಗೆ ‘ಬೇಡ’ ಅಂದೆ. ತೋಟದವರ ಮನೆಯ ಎಳನೀರು ಬೇಡ ಅನ್ನುವುದು ನಮ್ಮ ಕಡೆ ಎಷ್ಟು ಕಷ್ಟದ ಮಾತೆಂದು ನಿನಗೆ ಗೊತ್ತು. ನಿನ್ನೆ ಎಷ್ಟು ಮೂತ್ರ ಹೋಯಿತೋ ಅಷ್ಟು, ಅದರ ಮೇಲೆ ಅರ್ಧ ಲೀಟರು, ಅಜ್ಜಿಗೆ ದಿನಕ್ಕೆ ಅಷ್ಟೇ ನೀರೆಂದು ಡಾಕ್ಟರು ಬರೆದಿದ್ದರು. ‘ಹಂಗಾರೆ ನಾನೇನ್ ಕೊಡ್ಲವ್ವ?’ ಅಂತ ತಾತ ಕೇಳಿದರು. ಒದ್ದೆ ಮಾಡಿ ಹಿಂಡಿದ ತೆಳು ಹತ್ತಿ ಬಟ್ಟೆಯ ತುಂಡು ಕೊಟ್ಟೆ. ಅಜ್ಜಿಯ ಒಣಗಿದ ತುಟಿಯನ್ನು ಒರೆಸುತ್ತಾ ಕೂತರು. ಅವರ ಮನೆ ಅಟ್ಟದಲ್ಲಿ ಕಾಯಿ ಹತ್ತು ತಿಂಗಳಿನಿಂದ ಕೊಬ್ಬರಿಯಾಗುತ್ತಿದೆಯಂತೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗುಳುಗುಳು ಅಂದರೆ ಒಳಗೆ ಇನ್ನೂ ನೀರಿದೆ, ಗಡಗಡ ಅಂದರೆ ಕರಟ ಬಿಟ್ಟು ಉಂಡೆ ಕೊಬ್ಬರಿ ಆಗಿದೆ. ಒಡೆಯದೆಯೇ ಒಳಗಿನ ನೀರನ್ನು ತಿಳಿಯುವ ಆ ಕಿವಿಯನ್ನು ನನಗೂ ಕೊಡು ತಂದೆ. ಒತ್ತಿದ ಬೆರಳು ಕಾಲಿನ ಊತದಲ್ಲಿ ಬಿಟ್ಟುಹೋದ ಗುಳಿ, ಅಂಟಂಟು ನಾಲಿಗೆ, ಬೆಳಗಿನ ತೂಕದಲ್ಲಿ ಒಂದೇ ರಾತ್ರಿಗೆ ಏರಿದ ಒಂದು ಕಿಲೋ, ಇವೇ ನನಗೆ ಸಿಗುವ ಸದ್ದುಗಳು.

ಈಗ ತಪ್ಪೊಪ್ಪಿಗೆ. ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ, ಬೇರೆ ಊರಿನಲ್ಲಿ. ಆಪರೇಷನ್ ಆದವರೊಬ್ಬರ ಮೂತ್ರವನ್ನು ಗಂಟೆಗೊಮ್ಮೆ ಅಳೆಯಬೇಕಿತ್ತು. ನಾನು ಬ್ಯಾಗಿನ ಕಡೆ ಬಗ್ಗದೆ 50, 50, 50 ಎಂದು ಆರು ಸಲ ಬರೆದೆ. ಬೆಳಿಗ್ಗೆ ಹಿರಿಯ ಸಿಸ್ಟರ್ ಬ್ಯಾಗನ್ನು ಅಳತೆ ಜಾರಿಗೆ ಬಗ್ಗಿಸಿದರು. 300 ಇರಬೇಕಾದಲ್ಲಿ 70 ಇತ್ತು. ಡಾಕ್ಟರಿಗೆ ಫೋನು ಹೋಯಿತು, ಡ್ರಿಪ್ ಬದಲಾಯಿತು, ರೋಗಿ ಉಳಿದರು. ಅದು ನಿನ್ನ ದಯೆ. ನನ್ನ ಎಚ್ಚರ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಸಿಸ್ಟರ್ ಬೈಯಲಿಲ್ಲ. ‘ಮೂತ್ರಪಿಂಡ ಯಾವತ್ತೂ ರೌಂಡ್ ಫಿಗರ್ ಕೊಡಲ್ಲ ಕಣೇ’ ಅಂದರು, ಅಷ್ಟೇ. ಇವತ್ತಿಗೂ ಚಾರ್ಟಿನಲ್ಲಿ ಸೊನ್ನೆ ಬರೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ.

ಗಂಟೆ ಮೂರಾಯಿತು. ಐದನೇ ಮಂಚದ ಬ್ಯಾಗಿನ ಮುಂದೆ ಮಂಡಿಯೂರಿದ್ದೇನೆ. ಗುಡಿಯಲ್ಲೂ ಇಷ್ಟು ಬಗ್ಗಿದವಳಲ್ಲ. ಜಾರಿಗೆ ಬಗ್ಗಿಸಿ, ನೆಲದ ಮೇಲಿಟ್ಟು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿದೆ. ಮೂವತ್ತೈದು. ಬರೆದುಕೊಂಡೆ. ಇವತ್ತಿನ ನೈವೇದ್ಯ ಇದೇ, ಗಂಗಾಧರ. ನಾಲ್ಕು ಗಂಟೆಗೆ ಮತ್ತೆ ಬರುತ್ತೇನೆ.