ಹುಲಿಯ ಬೆಲೆ ಯಾರು ಕೊಡಬೇಕು?

ಹೋದ ಚಳಿಗಾಲ, ಗೋವಾದಲ್ಲಿ ನೌಕರಿ ಮಾಡುವ ಅಳಿಯ ನನ್ನನ್ನೂ ನನ್ನಾಕೆಯನ್ನೂ ಸತ್ತರಿ ತಾಲೂಕಿನ ಕಾಡಂಚಿನ ಒಂದು ಟೆಂಟ್ ಕ್ಯಾಂಪಿಗೆ ಕರೆದೊಯ್ದ. ಖಾನಾಪುರ ಕಡೆಯ ನಮಗೆ ಚೋರ್ಲಾ ಘಾಟ್ ಇಳಿದರೆ ಸತ್ತರಿಯೇ. ಟೆಂಟ್ ಅಂದರೆ ಜಾತ್ರೆಯ ಡೇರೆಯಂಥದ್ದು ಅಂದುಕೊಂಡಿದ್ದೆ. ಒಳಗೆ ನೋಡಿದರೆ ಮಂಚ, ಮೆತ್ತನೆ ಗಾದಿ, ಎ.ಸಿ., ಬಿಸಿನೀರಿನ ಬಚ್ಚಲು. ಗೋಡೆ ಮಾತ್ರ ಬಟ್ಟೆಯದು. ಎರಡು ರಾತ್ರಿಯ ಬಾಡಿಗೆ ಕೇಳಿ ನನ್ನಾಕೆ, "ಇಷ್ಟ್ರಾಗ ಒಂದು ಹಾಲಿನ ಆಕಳ ಬರ್ತಿತ್ತಲ್ರೀ" ಅಂದಳು.

ರಾತ್ರಿ ಬೆಂಕಿಯ ಸುತ್ತ ಕೂತ ದೊಡ್ಡೂರಿನ ಮಂದಿಯ ಬಾಯಲ್ಲಿ ಒಂದೇ ಮಾತು: ಹುಲಿ ಕಾಣಿಸುತ್ತದೆಯೇ? ನಾನೂ ಕೇಳಿದೆ. ಕಾವಲಿನ ಹುಡುಗ ಅಲ್ಲಿಯದೇ ಒಂದು ಗೌಳಿವಾಡದವನು. ಅವನು ಮರಾಠಿಯಲ್ಲಿ ಹೇಳಿದ್ದು ನಮ್ಮ ಮಾತಿನಲ್ಲಿ ಇಷ್ಟು: "ಕಾಕಾ, ಹುಲಿ ಬರಲಿ ಅಂತ ನೀವು ಬೇಡ್ಕೋತೀರಿ. ಬರಬಾರದು ಅಂತ ನಮ್ಮವ್ವ ದಿನಾ ಸಂಜಿಗೆ ದೀಪ ಹಚ್ಚತಾಳ."

ಆ ಮಾತಿಗೆ 2020ರ ಜನವರಿ ನೆನಪಾಯಿತು. ಇದೇ ಸತ್ತರಿಯ ಗೋಳಾವಲಿಯಲ್ಲಿ, ಮಹದಾಯಿ ಅಭಯಾರಣ್ಯದೊಳಗೆ, ಒಂದು ಹೆಣ್ಣು ಹುಲಿ ಮತ್ತು ಅದರ ಮೂರು ಮರಿ ವಿಷಕ್ಕೆ ಸತ್ತವು. ಹುಲಿ ದನ ಹಿಡಿದಿತ್ತು. ದನ ಸಾಕುವವರ ಬಂಧನವಾಯಿತು. ಆಗ ನಾನಿನ್ನೂ ಶಾಲೆಯಲ್ಲಿದ್ದೆ. ಪೇಪರ್ ಓದಿದ ಸಿಟ್ಟಿನಲ್ಲಿ, "ಇವರು ಮನುಷ್ಯರಲ್ಲ, ರಾಕ್ಷಸರು" ಎಂದು ಏಳನೇ ತರಗತಿಯ ಮಕ್ಕಳೆದುರು ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ಗೌಳಿ ಹುಡುಗ ತಲೆ ಎತ್ತಲಿಲ್ಲ. ಅದನ್ನು ಕಂಡೂ ನಾನು ಪಾಠ ಮುಂದುವರಿಸಿದೆ.

ವಿಷ ಇಟ್ಟದ್ದು ತಪ್ಪು. ಇದರಲ್ಲಿ ನನ್ನ ಅಭಿಪ್ರಾಯ ಈಗಲೂ ಅದೇ. ವಿಷಕ್ಕೆ ಹುಲಿ, ನರಿ, ಹದ್ದು ಎಂಬ ಭೇದವಿಲ್ಲ. ಹುಲಿ ಬಾಳುವ ಕಾಡು ಉಳಿದರೇನೇ ಮಹದಾಯಿಯಲ್ಲಿ ನೀರು. ಆ ನೀರಿಗಾಗಿ ಜಗಳವಾಡುವ ರಾಜ್ಯಗಳಿಗೆಲ್ಲ ಕಾಡು ಬೇಕು. ಆದರೆ ಹುಲಿ ಎಲ್ಲರ ಆಸ್ತಿ ಎಂದ ಮೇಲೆ, ಅದರ ಊಟದ ಖರ್ಚು ಒಬ್ಬ ಬಡವನ ಕೊಟ್ಟಿಗೆಯಿಂದಲೇ ಹೋಗುವುದು ಯಾವ ನ್ಯಾಯ? ನಮ್ಮ ಪುಣ್ಯಕೋಟಿಯ ಹಾಡಿನ ಹುಲಿಗೆ ಪಶ್ಚಾತ್ತಾಪ ಆಗುತ್ತದೆ. ಕಾಡಿನ ಹುಲಿಗೆ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಲೆಕ್ಕ ಕೊಡಬೇಕಾದವರು ಮನುಷ್ಯರು.

ಆ ರಾತ್ರಿ ಟೆಂಟಿನ ಹೊರಗೆ ಏನೋ ಸಪ್ಪಳವಾಗಿ ನನಗೂ ಎದೆ ಹೊಡೆದುಕೊಂಡಿತು. ಅಂಜಿಕೆಯಲ್ಲೂ ಒಂದು ನಮೂನಿ ಖುಷಿ ಇತ್ತು. ಯಾಕೆಂದರೆ ಮರುದಿನ ನಾನು ಬಿಟ್ಟು ಹೋಗಬಹುದಿತ್ತು. ಆ ಹುಡುಗನ ಅವ್ವನಿಗೆ ಬಿಟ್ಟು ಹೋಗಲು ಬೇರೆ ಜಾಗವಿಲ್ಲ. ಬಿಟ್ಟು ಹೋಗಬಲ್ಲವನ ಅಂಜಿಕೆ ಮೋಜು, ಬಿಡಲಾರದವನದು ಬದುಕು. ಮೊದಲನೆಯವನು ಎರಡನೆಯವನನ್ನು ರಾಕ್ಷಸ ಎನ್ನುವ ಮೊದಲು ಸ್ವಲ್ಪ ತಡೆಯಬೇಕು.

ಕ್ಯಾಂಪಿನಿಂದ ಹುಡುಗನಿಗೆ ಪಗಾರ ಸಿಗುತ್ತದಲ್ಲ ಎನ್ನಬಹುದು. ನಿಜ, ಅದು ಸಣ್ಣ ಮಾತಲ್ಲ. ಆದರೆ ಪಗಾರ ಅವನು ದುಡಿದದ್ದಕ್ಕೆ, ಸತ್ತ ಆಕಳಿಗಲ್ಲ.

2023ರ ಜುಲೈ 24ರಂದು ಬಾಂಬೆ ಹೈಕೋರ್ಟಿನ ಗೋವಾ ಪೀಠ, ಈ ಕಾಡನ್ನು ಮೂರು ತಿಂಗಳಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿರಿ ಎಂದಿತು. ಗೋವಾ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಪಕ್ಕದ ನಮ್ಮ ಕಾಳಿ ಕಾಡಿಗೆ 2007ರಲ್ಲೇ, ದಾಂಡೇಲಿ-ಅಣಶಿ ಎಂಬ ಹೆಸರಿನಲ್ಲಿ, ಆ ಪಟ್ಟ ಸಿಕ್ಕಿದೆ. ಪಟ್ಟ ಸಿಗಬೇಕು ಎಂದೇ ನನ್ನ ಮನಸ್ಸು. ಆದರೆ ಕೊಟ್ಟಿಗೆಯ ಮುಂದೆ ನಿಂತವನು ಕೇಳುವುದು ಬೇರೆ: ಸತ್ತ ದನದ ದುಡ್ಡು ಯಾವಾಗ ಕೈಗೆ ಬರ್ತದ?

ಹುಲಿಯನ್ನು ಪ್ರೀತಿಸುವವರು ಬೆಲೆಯನ್ನೂ ಕೊಡಬೇಕು, ಅದೂ ಮೊದಲು. ಇಂಥ ಕ್ಯಾಂಪುಗಳ ಬಾಡಿಗೆಯಲ್ಲಿ ಒಂದು ಪಾಲು ದನ ಕಳಕೊಂಡವನಿಗೆ ಅದೇ ವಾರ ಸಿಗುವಂತಾದರೆ, ಪರಿಹಾರದ ಅರ್ಜಿ ಹಿಡಿದು ಅವನು ಅಲೆಯುವುದು ತಪ್ಪಿದರೆ, ವಿಷದ ಕಡೆ ಕೈ ಹೋಗುವುದೂ ಕಡಿಮೆಯಾದೀತು. ಹಾಗೆ ಮಾಡಿದ ಮೇಲೂ ವಿಷ ಇಟ್ಟವನನ್ನು ಬೈಯುವ ಹಕ್ಕು ನಮಗೆ ಬರುತ್ತದೆ. ಅಲ್ಲಿಯತನಕ ನಮ್ಮದು ಪುಕ್ಕಟೆ ಪ್ರೀತಿ.

ನನ್ನ ತರಗತಿಯ ಆ ಹುಡುಗ ಈಗ ದೊಡ್ಡವನಾಗಿರಬೇಕು. ಸಿಕ್ಕರೆ ಮೊದಲು ತಪ್ಪಾಯಿತು ಅನ್ನಬೇಕು. ಹುಲಿಯ ಮಾತು ಆಮೇಲೆ.