ಸುಲಭವಾಗಿ ಸಿಗುವ ಸುಖ ಕೀಳೇ?

1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಒಂದು ದ್ರಾಕ್ಷಿಬಳ್ಳಿಯನ್ನು ದ್ರೋಹಿ ಎಂದು ಸಾರಿ, ತನ್ನ ನಾಡಿನಿಂದ ಅದನ್ನು ಕಿತ್ತುಹಾಕಲು ಆಜ್ಞೆ ಹೊರಡಿಸಿದ. ಆ ಬಳ್ಳಿ ಗಾಮೇ. ಅದು ಧಾರಾಳವಾಗಿ ಫಲ ಕೊಡುತ್ತಿತ್ತು. ಅದರ ವೈನ್ ಆರೋಗ್ಯಕ್ಕೆ ಕೇಡು ಎಂಬುದು ಆಜ್ಞೆಯ ಆರೋಪ. ಸಾಕಲು ಕಷ್ಟವಾದ ಪಿನೋ ನ್ವಾರ್ ಡ್ಯೂಕನ ಮೆಚ್ಚಿನ ಬಳ್ಳಿಯಾಗಿತ್ತು.

ಬೆವರು ಸುರಿಸದೆ ದಕ್ಕಿದ್ದನ್ನು ಅನುಮಾನಿಸುವ ಗುಣ ಅವನೊಬ್ಬನದಲ್ಲ. ಸುಖದ ವಿಷಯ ಬಂದಾಗ ಧರ್ಮಚಿಂತಕರೂ ತತ್ತ್ವಜ್ಞಾನಿಗಳೂ ಅದೇ ತಕ್ಕಡಿಯನ್ನು ಕೈಗೆತ್ತಿಕೊಂಡಿದ್ದಾರೆ.

ಬರ್ಗಂಡಿಯ ದಕ್ಷಿಣಕ್ಕಿರುವ ಬೋಜೊಲೆಯ ಗ್ರಾನೈಟ್ ಗುಡ್ಡಗಳಲ್ಲಿ ಗಾಮೇ ನೆಲೆಯೂರಿತು. ಬೇಸಿಗೆಗೆ ಕೆಂಪು ವೈನ್ ಹುಡುಕುವವರಿಗೆ ಅಲ್ಲಿನ ಬಾಟಲಿ ಒಳ್ಳೆಯ ಆಯ್ಕೆ. ಅದಕ್ಕೆ ಗಟ್ಟಿ ಕಾರಣವೂ ಇದೆ. ಅಲ್ಲಿ ಎಷ್ಟೋ ಕಡೆ ಹಣ್ಣನ್ನು ಮೊದಲೇ ಹಿಂಡದೆ, ಗೊಂಚಲು ಗೊಂಚಲಾಗಿಯೇ ತೊಟ್ಟಿಗೆ ತುಂಬುತ್ತಾರೆ. ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು, ಹಣ್ಣಿನ ಒಳಗೇ ಹುದುಗು ಶುರುವಾಗುತ್ತದೆ. ಬಣ್ಣ ಬರುತ್ತದೆ, ಪರಿಮಳ ಬರುತ್ತದೆ, ಸಿಪ್ಪೆಯ ಒಗರು ಮಾತ್ರ ಹೆಚ್ಚು ಇಳಿಯುವುದಿಲ್ಲ. ತಂಪು ಒಗರನ್ನು ಇನ್ನಷ್ಟು ಒರಟಾಗಿಸುವುದರಿಂದ ಕ್ಯಾಬರ್ನೆಯಂಥ ದಟ್ಟ ವೈನನ್ನು ಫ್ರಿಜ್ಜಿನಲ್ಲಿಟ್ಟರೆ ನಾಲಗೆ ಹಿಡಿದಂತಾಗುತ್ತದೆ. ಹಾಗೆಂದು ಸೆಕೆಯಲ್ಲಿ ಹೊರಗೇ ಬಿಟ್ಟರೆ ಮದ್ಯಸಾರದ ಘಾಟು ಪರಿಮಳವನ್ನು ಮುಚ್ಚುತ್ತದೆ. ಗಾಮೇಗೆ ಈ ಇಕ್ಕಟ್ಟಿಲ್ಲ. 12ರಿಂದ 14 ಡಿಗ್ರಿಗೆ ತಂಪಾಗಿಸಿದರೆ ಚೆರ್ರಿ, ರಾಸ್ಪ್‌ಬೆರಿಯ ವಾಸನೆ ಅರಳುತ್ತದೆ.

ಇಷ್ಟು ಹೇಳಿದ ಮೇಲೆ ತತ್ತ್ವಜ್ಞಾನಿ ಕಾಂಟ್‌ನ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ. 1790ರ ಗ್ರಂಥದಲ್ಲಿ ಅವನು ಕ್ಯಾನರಿ ದ್ವೀಪಗಳ ವೈನನ್ನೇ ಉದಾಹರಣೆಗೆ ತೆಗೆದುಕೊಂಡ. ಅದು ಹಿತವೆನ್ನುವವನು ‘ನನಗೆ ಹಿತ’ ಎಂದಷ್ಟೇ ಹೇಳಬೇಕು. ಸೌಂದರ್ಯದ ತೀರ್ಪಿನಂತೆ ಅದು ಎಲ್ಲರ ಸಮ್ಮತಿ ಕೇಳಲಾರದು ಎಂಬುದು ಅವನ ವಾದ. ಇಷ್ಟಪಡುವುದು ಖಾಸಗಿ, ನಿಜ. ಆದರೆ ಈ ಮಧ್ಯಾಹ್ನಕ್ಕೆ ಯಾವುದು ಒಗ್ಗುತ್ತದೆ ಎಂಬುದಕ್ಕೆ ಕಾರಣ ಕೊಡಬಹುದು, ವಾದಿಸಬಹುದು, ಸೋತು ಒಪ್ಪಲೂಬಹುದು.

ಅಂಥ ಕಾರಣಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ದೊಡ್ಡ ಸ್ಥಾನವಿದೆ. 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವನ್ನು ಕಾವ್ಯದ ಜೀವವೆಂದ. ಕೊರಳಿಗೆ ಡಾಬು ಕಟ್ಟಿ ಸೊಂಟಕ್ಕೆ ಹಾರ ಹಾಕಿದರೆ ಯಾರು ನಗುವುದಿಲ್ಲ ಎಂಬುದು ಅವನ ಪ್ರಶ್ನೆ. ಅಲ್ಲಿ ಡಾಬೂ ಕೀಳಲ್ಲ, ಹಾರವೂ ಕೀಳಲ್ಲ. ಡ್ಯೂಕನ ಆಜ್ಞೆ ಬಳ್ಳಿಗಳನ್ನು ಮೇಲುಕೀಳಿನ ಏಣಿಯಲ್ಲಿ ನಿಲ್ಲಿಸಿತು. ಕ್ಷೇಮೇಂದ್ರನ ಪ್ರಶ್ನೆ ಆ ಏಣಿಯನ್ನೇ ಪಕ್ಕಕ್ಕಿಡುತ್ತದೆ.

ಬೋಜೊಲೆಯ ಒಳಗೇ ಇದಕ್ಕೆ ಪುರಾವೆ ಸಿಗುತ್ತದೆ. ಅಲ್ಲಿ ತಮ್ಮದೇ ಹೆಸರು ಹೊತ್ತ 10 ಶ್ರೇಷ್ಠ ವೈನ್ ವಲಯಗಳಿವೆ, ಎಲ್ಲವೂ ಗಾಮೇಯವೇ. ಫ್ಲೂರಿಯದು ಹೂವಿನ ಪರಿಮಳದ ನಯವಾದ ವೈನ್. ಮೊರ್ಗೋನ್‌ನದು ಮೈಕಟ್ಟಿನದು, ವರ್ಷಗಟ್ಟಲೆ ನೆಲಮಾಳಿಗೆಯಲ್ಲಿ ಕಾಯಬಲ್ಲದು. ಏಪ್ರಿಲ್‌ನ ಊಟಕ್ಕೆ ಫ್ಲೂರಿಯನ್ನು ಆರಿಸುವವರು ಮೊರ್ಗೋನನ್ನು ಕಡೆಗಣಿಸುತ್ತಿಲ್ಲ. ಅದನ್ನು ಡಿಸೆಂಬರ್‌ಗೆ ಎತ್ತಿಡುತ್ತಿದ್ದಾರೆ.