ಹೈಸ್ಕೂಲಿನ ಎಲ್ಲೆ ಕಲ್ಲು

ಹಳೇ ಮೈಸೂರು ಸೀಮೆಯಲ್ಲಿ ಎರಡು ಊರಿನ ನಡುವೆ ಗಡಿ ತಕರಾರು ಎದ್ದಾಗ ಕುಳವಾಡಿಯನ್ನು ಕರೆಸುತ್ತಿದ್ದರು. ಎಲ್ಲೆ ಕಲ್ಲು ಎಲ್ಲಿತ್ತು, ಯಾವ ಮರದಿಂದ ಯಾವ ಕಟ್ಟೆಯವರೆಗೆ ಯಾರ ನೆಲ ಎಂದು ಅವನು ಹೇಳಬೇಕು. ಅವನು ತೋರಿಸಿದ್ದೇ ಗಡಿ. ಆದರೆ ಆ ಗಡಿಯೊಳಗಿನ ಬಾವಿಗೆ, ಗುಡಿಗೆ, ಜಗಲಿ ಮೇಲಿನ ಅಯ್ಯನೋರ ಪಾಠಕ್ಕೆ ಅವನ ಮಕ್ಕಳು ಬರುವಂತಿರಲಿಲ್ಲ. ಎಲ್ಲೆ ಬಲ್ಲವನೇ ಎಲ್ಲೆಯ ಆಚೆ.

ಇದನ್ನು ಈಗ ಯಾಕೆ ನೆನೆಯುತ್ತೇವೆ ಎಂದರೆ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ತಂದೆತಾಯಿಗಳು ಕೂತು ಮಾತಾಡುವಾಗ ಕಿವಿಗೆ ಬೀಳುವ ಮಾತು ಇವೇ. ಯಾವ ಸ್ಕೂಲಿಗೆ ಹಾಕೋದು? ಅಲ್ಲಿ ಅದ್ಯಾಕೆ ಹಂಗೆ ಕುರಿ ತುಂಬ್ದಂಗೆ ತುಂಬವ್ರೆ? ಹೆಣ್ಣೈಕ್ಳು ಹೋಗಿ ಕ್ಷೇಮವಾಗಿ ಮನೆಗೆ ಬತ್ತವಾ? ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ನಮ್ಮ ತಕರಾರು ಈ ಪ್ರಶ್ನೆಗಳ ಮೇಲಲ್ಲ, ಒಂದೊಂದು ಮನೆಯೂ ಇದನ್ನು ತನ್ನ ಪಾಡಿಗೆ ತಾನು ಬಗೆಹರಿಸಿಕೊಳ್ಳಲು ಹೊರಟಿರುವುದರ ಮೇಲೆ. ಹಾಗೆ ಹೊರಟಲ್ಲೆಲ್ಲ ಹೊಸ ಎಲ್ಲೆ ಕಲ್ಲು ನೆಡುತ್ತಿದ್ದೇವೆ.

ನಮ್ಮಲ್ಲಿ ಹೈಸ್ಕೂಲಿಗೆ ಇಂಥ ಬೀದಿಯವರು ಇಲ್ಲಿಗೇ ಬರಬೇಕೆಂಬ ನಕ್ಷೆ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ನೆರೆಹೊರೆಯ ಶಾಲೆ ಎಂದಿತು. ಐದನೇ ತರಗತಿವರೆಗೆ 1 ಕಿ.ಮೀ., ಎಂಟನೆಯವರೆಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ಆದರೆ ಹಕ್ಕು ಹದಿನಾಲ್ಕು ವರ್ಷಕ್ಕೆ ಮುಗಿಯಿತು. ಕರ್ನಾಟಕದ ಹೈಸ್ಕೂಲು ಎಂಟರಿಂದ ಹತ್ತು. ಮಗು ಹೈಸ್ಕೂಲಿನ ಮೊದಲ ವರ್ಷ ದಾಟುತ್ತಲೇ ಕಾಯ್ದೆ ಕೈಬಿಡುತ್ತದೆ. ಕೂಲಿಗೆ ಕರೆಯುವ ವಯಸ್ಸು ಅದು. ಮದುವೆ ಮಾತು ಎತ್ತುವ ವಯಸ್ಸೂ ಅದೇ. ಅಲ್ಲಿಂದ ಮುಂದೆ ಎಲ್ಲೆಯನ್ನು ಎಳೆಯುವುದು ಕಾನೂನಲ್ಲ. ಅಪ್ಪನ ಕೈಲಿರುವ ಫೀಜಿನ ದುಡ್ಡು ಎಳೆಯುತ್ತದೆ, ಬೆಳಗಿನ ಬಸ್ಸು ಎಳೆಯುತ್ತದೆ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಿನಲ್ಲಿ ಸಿಕ್ಕ ಒಂದು ಜಾಗ ಎಳೆಯುತ್ತದೆ.

ಈ ಎಲ್ಲೆಯ ಒಂದು ಕಡೆ ಪಟ್ಟಣದ ಸರ್ಕಾರಿ ಹೈಸ್ಕೂಲು, ಬೆಂಚಿಗೆ ಐವರು. ಇನ್ನೊಂದು ಕಡೆ ಹಳ್ಳಿಯ ಹೈಸ್ಕೂಲು, ಮಕ್ಕಳಿಲ್ಲ ಎಂದು ಮೇಷ್ಟ್ರನ್ನು ಎತ್ತಿ ಬೇರೆಡೆ ಹಾಕುತ್ತಾರೆ, ಗಣಿತಕ್ಕೆ ಅತಿಥಿ ಶಿಕ್ಷಕರು ಬಂದರೆ ಬಂದರು. ಇವೆರಡು ಬೇರೆ ಬೇರೆ ಸಮಸ್ಯೆಗಳೆಂದು ಅಧಿಕಾರಿಗಳು ಬೇರೆ ಬೇರೆ ಫೈಲಿನಲ್ಲಿ ಬರೆಯುತ್ತಾರೆ. ಎರಡೂ ಒಂದೇ. ಮೇಷ್ಟ್ರಿಲ್ಲದ ಕಾರಣ ಮಕ್ಕಳು ಪಟ್ಟಣದ ಬಸ್ಸು ಹತ್ತುತ್ತವೆ, ಮಕ್ಕಳು ಹೋದ ಕಾರಣ ಮೇಷ್ಟ್ರೂ ಹೋಗುತ್ತಾರೆ. 2018-19ರಿಂದ ಬಂದ ಕರ್ನಾಟಕ ಪಬ್ಲಿಕ್ ಶಾಲೆಗಳು ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ ಎಂದವು. ಒಳ್ಳೆಯದೇ. ಆದರೆ ಈ ನೆಪದಲ್ಲಿ ಸುತ್ತಲಿನ ಸಣ್ಣ ಶಾಲೆಗಳು ಮುಚ್ಚುತ್ತವೆಂದು 2025ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ದೊಡ್ಡ ಶಾಲೆ ಕಟ್ಟುವವರು ದಾರಿಯ ಲೆಕ್ಕವನ್ನೂ ಹಾಕಬೇಕಲ್ಲ?

ದಾರಿ ಅಂದರೆ ಸುಮ್ಮನೆ ಅಲ್ಲ. ಕಬ್ಬಿನ ಗದ್ದೆಯ ನಡುವೆ ಒಂಟಿ ರಸ್ತೆ, ಗದ್ದೆಯೊಳಗೆ ಚಿರತೆ. ಹಲಗೂರು ಕಡೆ ಹೋದರೆ ಆನೆ. ಕಬ್ಬು ಅರೆಯುವ ಕಾಲದಲ್ಲಿ ಮೈತುಂಬ ಹೊರೆ ಹೊತ್ತ ಟ್ರ್ಯಾಕ್ಟರುಗಳು. ನಾಲೆಯ ಏರಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಅವತ್ತು ಶನಿವಾರ. ಸ್ಕೂಲು ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನಾಲೆಗೆ ತಡೆಗೋಡೆ ಬೇಕೆಂಬ ಮಾತು ಆ ಹೆಣಗಳ ಮುಂದೆ ಎದ್ದಿತು. ಆ ಬಸ್ಸಿನಲ್ಲಿ ಕೂತವರ ಜಾತಿ ಕೇಳಿ ನೀರು ಒಳಗೆ ನುಗ್ಗಲಿಲ್ಲ.

2023ರ ಮಾರ್ಚಿಯಲ್ಲಿ ಪ್ರಧಾನಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಗೇ ಬಂದು 118 ಕಿ.ಮೀ. ಉದ್ದದ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟಿಸಿದರು. ಅದೇ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆ ನಿಷೇಧ. ಕಾರಿನವರಿಗೆ ಊರು ಹತ್ತಿರವಾಯಿತು. ಆಚೆ ಬದಿಯ ಹೈಸ್ಕೂಲಿಗೆ ಹೋಗುವ ಮಗುವಿಗೆ ಬೇಲಿ ಬಂತು. ಸ್ಕೈವಾಕ್ ಕೊಡಿ, ಅಂಡರ್‌ಪಾಸ್ ಕೊಡಿ ಎಂದು ಊರವರು ಅರ್ಜಿ ಹಿಡಿದು ಅಲೆಯಬೇಕಾಯಿತು. 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್ಲು ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಸೈಕಲ್ ನಿಂತದ್ದಕ್ಕೆ ಯಾರೂ ರಸ್ತೆ ತಡೆ ಮಾಡಿದ್ದನ್ನು ನಾವು ಕಾಣಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಮಾತ್ರ, ಹೆಂಗಸರು ಬಸ್ಸು ತುಂಬಿಬಿಟ್ಟರು, ಐಕ್ಳಿಗೆ ಜಾಗ ಇಲ್ಲ ಎಂದು ಗೊಣಗಿದ ಗಂಡಸರು ಬಹಳ. ಅವರಲ್ಲಿ ಎಷ್ಟು ಜನ ಡಿಪೋಕ್ಕೆ ಹೋಗಿ, ಎಂಟೂವರೆಗೆ ಇನ್ನೊಂದು ಬಸ್ಸು ಬಿಡಿ ಸ್ವಾಮಿ ಎಂದು ಕೇಳಿದರು?

ಈಗ ಕಷ್ಟದ ಜಾಗಕ್ಕೆ ಬರೋಣ. ಮಗಳು ಕ್ಷೇಮವಾಗಿರಲಿ ಎಂದು ತಾಯಿ ಸಾಲ ಮಾಡಿ ವ್ಯಾನು ಬರುವ ಖಾಸಗಿ ಶಾಲೆಗೆ ಹಾಕಿದರೆ ಅದು ತಪ್ಪೇ? ನಮ್ಮ ಕೇರಿಯವರೂ ಹಾಕುತ್ತಿದ್ದಾರೆ. ಕೇರಿಯ ಅಪ್ಪ ಇಂಗ್ಲಿಷ್ ಶಾಲೆಗೆ ಹಾಕಿದ ಕೂಡಲೇ ಚಳವಳಿ ಕೆಟ್ಟಿತು ಎಂದು ಭಾಷಣ ಬಿಗಿಯುವವರನ್ನು ನಾವು ಒಪ್ಪುವುದಿಲ್ಲ. ಸಾತಾರದ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತ ಭೀಮರಾಯನ ಅಪ್ಪನಿಗೂ ಮಗನ ಚಿಂತೆ ಇತ್ತು. ಮುಂಬಯಿಗೆ ಬಂದಮೇಲೆ ಎಲ್ಫಿನ್‌ಸ್ಟನ್ ಹೈಸ್ಕೂಲಿಗೆ ಸೇರಿಸಿದರು. ಅದೂ ಸರ್ಕಾರಿ ಶಾಲೆಯೇ ಎಂಬುದನ್ನು ಮರೆಯಬಾರದು.

ಆದರೆ ಕ್ಷೇಮ ಅನ್ನುವುದು ಅಂಗಡಿಯಲ್ಲಿ ಒಂದು ಮಗುವಿನ ಅಳತೆಗೆ ಕತ್ತರಿಸಿ ಕೊಡುವ ಬಟ್ಟೆಯಲ್ಲ. 2022ರ ಅಕ್ಟೋಬರಿನಲ್ಲಿ ಮಳವಳ್ಳಿಯಲ್ಲಿ ಹತ್ತು ವರ್ಷದ ಮಗು ಟ್ಯೂಷನ್‌ಗೆಂದು ಹೋಗಿ ಹೆಣವಾಯಿತು. ಪಟ್ಟಣ, ದುಡ್ಡು ಕೊಟ್ಟ ಪಾಠ. ಯಾವುದೂ ಕಾಯಲಿಲ್ಲ. ಇನ್ನು 2023ರಲ್ಲಿ ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಹುಟ್ಟಲೇ ಬಿಡದ ನಾವು ಸ್ಕೂಲಿನ ಗೇಟಿನಲ್ಲಿ ಹೆಣ್ಣುಮಕ್ಕಳ ಕ್ಷೇಮ ಎನ್ನುತ್ತೇವೆ.

ಕ್ಷೇಮ ಎಂಬ ಮಾತಿನೊಳಗೆ ಇನ್ನೊಂದು ಮಾತು ಅವಿತು ಕೂತಿರುತ್ತದೆ. "ಹಾಸ್ಟೆಲ್ ಹುಡುಗ್ರು ಜಾಸ್ತಿಯಾದ್ರು, ಸ್ಕೂಲ್ ಕೆಟ್ಟೋಯ್ತು." ಹಾಸ್ಟೆಲ್ ಅಂದರೆ ಯಾರು ಅಂತ ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. 1974ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಕೋರ್ಟು ಕರಿಯ ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಬಸ್ಸಿನಲ್ಲಿ ಒಬ್ಬರ ಬಡಾವಣೆಯ ಶಾಲೆಗೆ ಇನ್ನೊಬ್ಬರನ್ನು ಕಳಿಸಿ ಎಂದಿತು. ಅಲ್ಲಿನ ಬಿಳಿಯ ತಂದೆತಾಯಿಗಳೂ ಆಡಿದ್ದು ನಮ್ಮ ನೆರೆಹೊರೆ, ನಮ್ಮ ಮಕ್ಕಳ ಕ್ಷೇಮ ಎಂಬ ಮಾತನ್ನೇ. ಕಲ್ಲು ಬಿದ್ದದ್ದು ಮಾತ್ರ ಕರಿಯ ಮಕ್ಕಳಿದ್ದ ಬಸ್ಸಿನ ಮೇಲೆ. ನಮ್ಮಲ್ಲಿ ಕಲ್ಲು ಬೇಕಿಲ್ಲ, ಟಿ.ಸಿ. ಸಾಕು. 2025ರಲ್ಲಿ ಮಂಡ್ಯ ತಾಲ್ಲೂಕಿನ ಆಲಕೆರೆಯಲ್ಲಿ ಗುಡಿಯ ಪಕ್ಕದ ಸರ್ಕಾರಿ ಶಾಲೆಯಲ್ಲಿ ಮೊಟ್ಟೆ ಬೇಯಿಸಬಾರದೆಂದು ತಕರಾರು ಎದ್ದು, ಎಷ್ಟೋ ತಂದೆತಾಯಿಗಳು ಮಕ್ಕಳ ಟಿ.ಸಿ. ಪಡೆದರು. ಅದು ಹೈಸ್ಕೂಲಲ್ಲ, ಚಿಕ್ಕ ಮಕ್ಕಳ ಶಾಲೆ. ಆದರೆ ಟಿ.ಸಿ. ಎಂಬುದು ಹೇಗೆ ಎಲ್ಲೆ ಕಲ್ಲಾಗುತ್ತದೆ ಎಂಬುದು ಅಲ್ಲಿ ನಿಚ್ಚಳವಾಗಿ ಕಾಣಿಸಿತು. ಹೋಗುವ ಶಕ್ತಿ ಇದ್ದವರು ಹೋಗುತ್ತೇವೆಂದು ಹೆದರಿಸಿ, ಉಳಿಯುವವರ ತಟ್ಟೆಯಲ್ಲಿ ಏನಿರಬೇಕೆಂದು ಹೇಳುತ್ತಾರೆ.

ಕೊಠಾರಿ ಆಯೋಗ 1966ರಲ್ಲೇ ಎಲ್ಲ ಜಾತಿ, ಎಲ್ಲ ವರ್ಗದ ಮಕ್ಕಳು ತಮ್ಮ ನೆರೆಯ ಒಂದೇ ಶಾಲೆಗೆ ಬರಲಿ ಎಂದಿತ್ತು. 2015ರಲ್ಲಿ ಅಲಹಾಬಾದ್ ಹೈಕೋರ್ಟು ಅಧಿಕಾರಿಗಳ, ಜನಪ್ರತಿನಿಧಿಗಳ ಮಕ್ಕಳೂ ಸರ್ಕಾರಿ ಶಾಲೆಯಲ್ಲೇ ಓದಬೇಕೆಂದು ಆದೇಶಿಸಿತು. ಜಾರಿಯಾಗಲಿಲ್ಲ. ಯಾಕಾಗಲಿಲ್ಲ ಎಂದು ನಾವು ವಿವರಿಸಬೇಕಿಲ್ಲ.

ಖಾಸಗಿ ಶಾಲೆಗೆ ಹಾಕಿದ ತಾಯಿಯನ್ನು ನಾವು ದೂರುವುದಿಲ್ಲ ಎಂದೆವು. ಆದರೆ ಅವಳು ಹೋಗುವಾಗ ಮಗಳೊಬ್ಬಳನ್ನೇ ಕರೆದುಕೊಂಡು ಹೋಗುವುದಿಲ್ಲ, ತನ್ನ ದನಿಯನ್ನೂ ತೆಗೆದುಕೊಂಡು ಹೋಗುತ್ತಾಳೆ. ಎಸ್‌ಡಿಎಂಸಿಯಲ್ಲಿ ಕೂರಬೇಕಾದವರು ಆ ಶಾಲೆಯಲ್ಲಿ ಓದುವ ಮಕ್ಕಳ ತಂದೆತಾಯಿಗಳು. ಬಸ್ಸಿಗೆ, ಶೌಚಾಲಯಕ್ಕೆ, ಕಾಂಪೌಂಡಿಗೆ, ಗಣಿತದ ಮೇಷ್ಟ್ರಿಗೆ ಜಗಳ ಆಡಬೇಕಾದವರು ಅವರೇ. ಟಿ.ಸಿ. ಪಡೆದ ದಿನ ಆ ಮನೆಯ ಹೆಸರು ಅಲ್ಲಿಂದ ಹೋಗುತ್ತದೆ. ಅರ್ಜಿ ಬರೆಯಬಲ್ಲವರು, ತಾಲ್ಲೂಕಾಫೀಸಿನ ಬಾಗಿಲು ಕಂಡವರು ಮೊದಲು ಹೋಗುತ್ತಾರೆ. ಕೊನೆಗೆ ಉಳಿದವರು ಕೂಲಿಯವರು. ಸಭೆ ಕರೆಯುವುದು ಬೆಳಿಗ್ಗೆ ಹನ್ನೊಂದಕ್ಕೆ, ಅವರೆಲ್ಲ ಕಬ್ಬಿನ ಗದ್ದೆಯಲ್ಲಿರುವ ಹೊತ್ತಿಗೆ. ಸಂಜೆ ಏಳಕ್ಕೆ ಕೇರಿಯಲ್ಲೇ ಸಭೆ ಇಡಿ ಎಂದು ಕೇಳಿ ನೋಡಿ. ರಿಜಿಸ್ಟರು ಶಾಲೆ ಬಿಟ್ಟು ಹೊರಗೆ ಬರುವಂತಿಲ್ಲ ಎನ್ನುತ್ತಾರೆ.